ಕಸ್ತೂರಬಾ ಅವರ ‘ಒಲ್ಲೆ’

ಕಸ್ತೂರಬಾ ಗಾಂಧಿಯವರ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಎರಡು ಜಾಡು ಹಿಡಿದಿವೆ. ಒಂದರಲ್ಲಿ ಅವರು ಗಂಡ ಹಾಕಿದ ಗೆರೆ ದಾಟದ ಸಾಧ್ವಿ; ಇನ್ನೊಂದರಲ್ಲಿ ಮಹಾತ್ಮನ ಹಟಕ್ಕೆ ಬದುಕಿಡೀ ಬಲಿಯಾದ ಹೆಣ್ಣು. ಮೊದಲನೆಯದು ಶಾಲೆಯ ಪಾಠಕ್ಕೆ ಒದಗುತ್ತದೆ, ಎರಡನೆಯದು ಈಚಿನ ಚರ್ಚೆಗಳಿಗೆ. ಮೇಲುನೋಟಕ್ಕೆ ಇವು ಎದುರಾಳಿಗಳಂತೆ ಕಂಡರೂ ಒಳಗಿನ ನಂಬಿಕೆ ಒಂದೇ: ತೀರ್ಮಾನವೆಲ್ಲ ಗಾಂಧಿಯವರದು, ಅನುಭವಿಸುವುದಷ್ಟೇ ಕಸ್ತೂರಬಾ ಅವರ ಪಾಲಿನದು. ದಾಖಲೆಗಳು ಈ ನಂಬಿಕೆಗೆ ಒಗ್ಗುವುದಿಲ್ಲ. ಕಸ್ತೂರಬಾ ಒಪ್ಪಿಕೊಂಡು ಮಾಡಿದ ಸಾರ್ವಜನಿಕ ಕೆಲಸದ ತೂಕ ತಿಳಿಯಬೇಕಾದರೆ, ಅವರು ಒಲ್ಲೆ ಎಂದು ನಿಂತ ಸಂದರ್ಭಗಳನ್ನು ಮೊದಲು ನೋಡಬೇಕು. ಬೇಡ ಅನ್ನಬಲ್ಲವರು ಹೂಂ ಅಂದಾಗಲಷ್ಟೇ ಆ ಹೂಂಗುಟ್ಟುವಿಕೆಗೆ ಬೆಲೆ.

ಇಲ್ಲೊಂದು ತೊಡಕಿದೆ. ಈ ಸಂದರ್ಭಗಳು ನಮಗೆ ತಿಳಿದಿರುವುದು ಬಹುಪಾಲು ಗಾಂಧಿಯವರ ಬರಹದಿಂದಲೇ. ಗಂಡ ಬರೆದದ್ದನ್ನು ಹೆಂಡತಿಯ ಸಾಕ್ಷ್ಯವೆಂದು ಹೇಗೆ ನಂಬುವುದು? ಕೇಳಬೇಕಾದ ಪ್ರಶ್ನೆಯೇ. ಆದರೆ ಬರೆದವನಿಗೇ ಮುಜುಗರ ತರುವ ಸಾಕ್ಷ್ಯವನ್ನು ಸುಲಭವಾಗಿ ತಳ್ಳಿಹಾಕಲಾಗದು. 1898ರಲ್ಲಿ ಡರ್ಬನ್ನಿನ ಮನೆಯಲ್ಲಿ ನಡೆದ ಜಗಳವನ್ನೇ ನೋಡಿ. ಕ್ರೈಸ್ತನಾದ, ಪಂಚಮ ತಂದೆತಾಯಿಗಳಿಗೆ ಹುಟ್ಟಿದ ಗುಮಾಸ್ತನೊಬ್ಬ ಆ ಮನೆಯಲ್ಲಿ ಉಳಿದಿದ್ದ. ಅವನ ಮೂತ್ರದ ಪಾತ್ರೆಯನ್ನು ಕಸ್ತೂರಬಾ ಅಳುತ್ತಾ, ಕೆಂಗಣ್ಣು ಬಿಡುತ್ತಾ ಮೆಟ್ಟಿಲಿಳಿಸಿ ತಂದರು. ಹೊತ್ತರಷ್ಟೇ ಸಾಲದು, ನಗುನಗುತ್ತಾ ಹೊರಬೇಕು ಎಂಬುದು ಗಂಡನ ಪಟ್ಟು. ಮಾತಿಗೆ ಮಾತು ಬೆಳೆದು, ಗಾಂಧಿ ಅವರ ಕೈಹಿಡಿದು ಗೇಟಿನ ತನಕ ಎಳೆದೊಯ್ದರು. ನಾಚಿಕೆಯಾಗುವುದಿಲ್ಲವೇ, ಈ ಪರದೇಶದಲ್ಲಿ ನನಗೆ ಹೋಗಲು ತಾವೆಲ್ಲಿದೆ, ಗೇಟು ಮುಚ್ಚಿ ಎಂದು ಹೆಂಡತಿ ಗದರಿಕೊಂಡ ಮೇಲೆ ಗಂಡನ ಕೈ ಸಡಿಲಾಯಿತು. ಹೀಗೆ ಬರೆದುಕೊಂಡಿರುವವರು ಸ್ವತಃ ಗಾಂಧಿ. 1901ರಲ್ಲಿ ದಕ್ಷಿಣ ಆಫ್ರಿಕ ಬಿಡುವಾಗ ಬಂದ ಒಡವೆಗಳ ಪ್ರಸಂಗ ಇದಕ್ಕಿಂತ ಮಹತ್ವದ್ದು. ಬಂದ ಉಡುಗೊರೆಗಳಲ್ಲಿ ಕಸ್ತೂರಬಾ ಅವರಿಗೆಂದೇ ಕೊಟ್ಟ 50 ಗಿನಿ ಬೆಲೆಯ ಚಿನ್ನದ ಹಾರವೂ ಇತ್ತು. ಎಲ್ಲವನ್ನೂ ಸಮುದಾಯದ ಟ್ರಸ್ಟಿಗೆ ಒಪ್ಪಿಸಬೇಕೆಂದು ಗಾಂಧಿ ಮೊದಲು ಮಕ್ಕಳನ್ನು ಒಲಿಸಿಕೊಂಡು, ಆಮೇಲೆ ಹೆಂಡತಿಯ ಮುಂದೆ ವಿಷಯವೆತ್ತಿದರು. ಅತ್ತು ಕರೆದು ಸುಮ್ಮನಾಗುವ ಹೆಂಗಸು ಅವರಾಗಿರಲಿಲ್ಲ. ನಾಳೆ ಸೊಸೆಯಂದಿರು ಬಂದರೆ ಏನು ಕೊಡಲಿ ಎಂದರು. ನೀವು ಮಾಡಿದ ಸೇವೆಯಲ್ಲಿ ನನ್ನ ದುಡಿಮೆಯೂ ಸೇರಿಲ್ಲವೇ, ಹಗಲೂ ರಾತ್ರಿ ಯಾರ್ಯಾರದೋ ಚಾಕರಿ ಮಾಡಿದವಳು ನಾನಲ್ಲವೇ ಎಂದು ಕೇಳಿದರು. ಒಡವೆಗಳೇನೋ ಹೋದವು. ಆದರೆ ನಾಯಕನ ಸಾರ್ವಜನಿಕ ಸೇವೆ ಎಂಬುದರಲ್ಲಿ ಮನೆಯೊಳಗಿನ ದುಡಿಮೆಯೂ ಪಾಲುದಾರ ಎಂಬ ವಾದವನ್ನು ಅವರಷ್ಟು ನೇರವಾಗಿ ಆ ಮನೆಯಲ್ಲಿ ಬೇರೆ ಯಾರೂ ಮಂಡಿಸಿದ್ದಿಲ್ಲ. ಆ ಮಾತುಗಳಲ್ಲಿ ಕೆಲವು ನಾಟಿದವು ಎಂದು ಗಾಂಧಿಯೇ ಒಪ್ಪಿಕೊಂಡಿದ್ದಾರೆ.

ಈ ‘ಒಲ್ಲೆ’ಗಳಿಗೆಲ್ಲ ಇಂದಿನ ಕಣ್ಣಿನಿಂದ ಆರತಿ ಎತ್ತಲಾಗದು. ಡರ್ಬನ್ನಿನ ಜಗಳದಲ್ಲಿ ಜಾತಿಯ ಹೇಸಿಗೆಯೂ ಇತ್ತು. 1915ರಲ್ಲಿ ಅಹಮದಾಬಾದಿನ ಆಶ್ರಮಕ್ಕೆ ದೂದಾಭಾಯಿಯವರ ಅಸ್ಪೃಶ್ಯ ಕುಟುಂಬವನ್ನು ಸೇರಿಸಿಕೊಂಡಾಗ ಕಸ್ತೂರಬಾ ಮುನಿದರು. 1938ರಲ್ಲಿ ಒಡಿಶಾದ ಡೇಲಾಂಗ್‌ನಲ್ಲಿ ಗಾಂಧಿ ಸೇವಾ ಸಂಘದ ಸಭೆ ನಡೆಯುತ್ತಿದ್ದಾಗ, ಹರಿಜನರಿಗೆ ಬಾಗಿಲು ಮುಚ್ಚಿದ್ದ ಪುರಿಯ ಜಗನ್ನಾಥ ಗುಡಿಯೊಳಗೆ ಹೋಗಿಬಂದು ಗಾಂಧಿಯನ್ನು ತಲ್ಲಣಗೊಳಿಸಿದರು. ಆ ಹೊತ್ತಿಗೆ ದಲಿತ ಹುಡುಗಿ ಲಕ್ಷ್ಮಿ ಆಶ್ರಮದಲ್ಲಿ ಅವರ ಮಡಿಲಲ್ಲೇ ಬೆಳೆದಿದ್ದಳು ಎಂಬುದನ್ನು ನೆನೆದರೆ ಒಗಟು ಇನ್ನೂ ಬಿಗಿಯಾಗುತ್ತದೆ. ವೈಷ್ಣವ ಮನೆತನದ ಹೆಣ್ಣುಮಗಳೊಬ್ಬಳು ಜಗನ್ನಾಥನನ್ನು ನೋಡದೆ ಬರಲಾರದೆ ಹೋದಳು, ಅಷ್ಟೆ. ಅದು ತಪ್ಪು ಎಂದು ಹೇಳಲು ಹಿಂಜರಿಯಬೇಕಾಗಿಲ್ಲ. ಗಂಡನ ಸಿದ್ಧಾಂತ ಅವರಿಗೆ ಕಂಠಪಾಠದ ಮಂತ್ರವಾಗಿರಲಿಲ್ಲ ಎಂಬುದು ಮಾತ್ರ ಈ ತಪ್ಪಿನಿಂದಲೇ ಸ್ಪಷ್ಟವಾಗುತ್ತದೆ. ಒಪ್ಪಿದ್ದನ್ನು ಅವರು ತಡವಾಗಿ, ತಮ್ಮದೇ ದಾರಿಯಲ್ಲಿ ಒಪ್ಪಿದರು.

ಹಾಗೆ ಒಪ್ಪಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು, ದಕ್ಷಿಣ ಆಫ್ರಿಕಕ್ಕೆ ಮರಳಿದ ಮೇಲಿನ 1913ರ ಜೈಲು. ಆ ವರ್ಷದ ಮಾರ್ಚಿನಲ್ಲಿ ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಕೊಟ್ಟ ತೀರ್ಪಿನ ಪ್ರಕಾರ, ಕ್ರೈಸ್ತ ವಿಧಿಯಲ್ಲಿ ನಡೆಯದ ಮದುವೆಗಳಿಗೆ ಅಲ್ಲಿ ಮಾನ್ಯತೆ ಇಲ್ಲ. ಸಾವಿರಾರು ಭಾರತೀಯ ಹೆಂಗಸರು ಕಾನೂನಿನ ಕಣ್ಣಲ್ಲಿ ಹೆಂಡತಿಯರೇ ಅಲ್ಲದಂತಾದರು. ಕಸ್ತೂರಬಾ ಹೋರಾಟಕ್ಕೆ ಇಳಿದದ್ದು ಹೇಗೆಂಬುದಕ್ಕೆ ಎರಡು ಮೂರು ಕಥನಗಳಿವೆ. ನೀನೀಗ ಕಾನೂನುಬದ್ಧ ಹೆಂಡತಿಯಲ್ಲ ಎಂದು ಗಾಂಧಿ ಅಡುಗೆಮನೆಯಲ್ಲಿ ಕೆಣಕಿ ಹುರಿದುಂಬಿಸಿದರು ಎನ್ನುತ್ತದೆ ಒಂದು. ಗಾಂಧಿಯವರ ಪ್ರಕಾರ, ತಾವು ಬೇರೆ ಹೆಂಗಸರ ಜತೆ ಆಡುತ್ತಿದ್ದ ಮಾತು ಕಿವಿಗೆ ಬಿದ್ದು, ಜೈಲಿಗೆ ಹೋಗದಿರಲು ನನ್ನಲ್ಲೇನು ಕೊರತೆ ಎಂದು ಆಕೆಯೇ ಕೇಳಿದರು. ಈ ಎರಡೂ ಆಮೇಲೆ ಬರೆದವು. ಆದರೆ ಅದೇ ಏಪ್ರಿಲ್‌ನಲ್ಲಿ ಗಾಂಧಿ ಗೋಖಲೆಯವರಿಗೆ ಬರೆದ ಕಾಗದದಲ್ಲಿ, ಹೆಂಡತಿ ತಾನಾಗಿಯೇ ಮುಂದೆ ಬಂದಿದ್ದಾಳೆ, ತಡೆಯಲು ತನಗಿಷ್ಟವಿಲ್ಲ ಎಂಬ ಮಾತಿದೆ. ಘಟನೆಯ ಬಿಸಿ ಆರುವ ಮೊದಲೇ ಬರೆದ ಕಾಗದಕ್ಕೆ ನೆನಪಿನ ಬರಹಕ್ಕಿಂತ ಹೆಚ್ಚಿನ ಬೆಲೆ ಕೊಡುವುದು ನ್ಯಾಯ. ಸೆಪ್ಟೆಂಬರಿನಲ್ಲಿ ಗಾಂಧಿಯವರ ಫೀನಿಕ್ಸ್ ಆಶ್ರಮದಿಂದ 16 ಜನರ ತಂಡ ಹೊರಟಿತು. ಅದರಲ್ಲಿ ನಾಲ್ವರು ಹೆಂಗಸರು: ಕಸ್ತೂರಬಾ, ಕಾಶಿ, ಸಂತೋಕ್, ಜಯಕುಂವರ್. ಪರವಾನಗಿಯಿಲ್ಲದೆ ಟ್ರಾನ್ಸ್‌ವಾಲ್ ಗಡಿ ದಾಟಿದ್ದಕ್ಕೆ ಮೂರು ತಿಂಗಳ ಕಠಿಣ ಸಜೆಯಾಗಿ, ಹೆಂಗಸರನ್ನು ಮಾರಿಟ್ಸ್‌ಬರ್ಗ್ ಜೈಲಿಗೆ ಕಳಿಸಿದರು. ಹೊರಬಂದಾಗ ಕಸ್ತೂರಬಾ ಎಲುಬಿನ ಗೂಡಾಗಿದ್ದರು. ಹೆಂಗಸರ ಸೆರೆಯ ಸುದ್ದಿ ನಟಾಲಿನ ಕಲ್ಲಿದ್ದಲು ಗಣಿಗಳ ಮುಷ್ಕರಕ್ಕೆ ಕಾವು ಕೊಟ್ಟಿತು. ಮರುವರ್ಷದ ಕಾಯಿದೆ ಭಾರತೀಯ ಮದುವೆಗಳನ್ನು ಮಾನ್ಯ ಮಾಡಿತು.

ಅವರ ಸಾರ್ವಜನಿಕ ಪಾತ್ರದ ತಿರುಳು ಇಲ್ಲೇ ಇದೆ. ಸರೋಜಿನಿ ನಾಯ್ಡು ಅವರಂತೆ ಕಸ್ತೂರಬಾ ಮಾತುಗಾರ್ತಿಯಲ್ಲ; ಇಂಗ್ಲಿಷು ಹೆಚ್ಚು ಬಾರದು, ಗುಜರಾತಿ ಬರವಣಿಗೆಯೂ ತಡವರಿಕೆಯದು. ಸೆರಗು ಹೊದ್ದ ಸಾದಾ ಗೃಹಿಣಿಯೊಬ್ಬಳು ಜೈಲಿಗೆ ಹೋಗಿಬಂದಳೆಂದರೆ ಮಿಕ್ಕ ಮನೆಗಳಲ್ಲಿ ಜೈಲಿನ ಕಳಂಕ ತೊಳೆದುಹೋಗುತ್ತಿತ್ತು. ಗಂಡಸು ನಾಯಕರು ಕಾಲಿಡಲಾಗದ ಒಳಮನೆಗೂ ಅವರು ಹೋಗಬಲ್ಲವರಾಗಿದ್ದರು. ಚಂಪಾರಣ್‌ನ ಭಿತಿಹರವಾ ಬಳಿಯ ಹಳ್ಳಿಯೊಂದರಲ್ಲಿ ಹೆಂಗಸರ ಕೊಳಕು ಬಟ್ಟೆಯ ವಿಚಾರ ಕೇಳಲು ಹೋದಾಗ, ಒಬ್ಬಾಕೆ ಅವರನ್ನು ಗುಡಿಸಲೊಳಗೆ ಕರೆದೊಯ್ದು ತೋರಿಸಿದಳು: ಪೆಟ್ಟಿಗೆಯಿಲ್ಲ, ಬೀರುವಿಲ್ಲ, ಮೈಮೇಲಿನದೇ ಅವಳಿಗಿದ್ದ ಒಂದೇ ಸೀರೆ. ಮಹಾತ್ಮರು ಇನ್ನೊಂದು ಕೊಡಿಸಲಿ, ದಿನಾ ಮಿಂದು ಮಡಿ ಉಡುತ್ತೇನೆ ಎಂದಳು. ಗಾಂಧಿಯವರ ಆತ್ಮಕಥೆಯಲ್ಲಿ ಓದುಗರು ಮರೆಯದ ಈ ಪುಟದ ಹಿಂದೆ ಗುಡಿಸಲೊಳಗೆ ಹೋಗಿಬಂದ ಕಸ್ತೂರಬಾ ಇದ್ದಾರೆ.

ಗಾಂಧಿಯ ಹೆಂಡತಿಯಾಗಿರದಿದ್ದರೆ ಅವರನ್ನು ಯಾರು ಕೇಳುತ್ತಿದ್ದರು ಎಂಬ ಆಕ್ಷೇಪ ಉಳಿದೇ ಇದೆ. ನಿಜ, ಆ ಹೆಸರಿನ ಬಲ ಇತ್ತು. ಆದರೆ ಈ ಆಕ್ಷೇಪಕ್ಕೆ 1942ರ ಆಗಸ್ಟ್ 9ರ ಮುಂಬಯಿಯೇ ಉತ್ತರ. ಬೆಳಗಿನ ಜಾವ ಬಿರ್ಲಾ ಹೌಸಿಗೆ ಬಂದ ಪೊಲೀಸರ ಬಳಿ ಕಸ್ತೂರಬಾ ಹೆಸರಿನ ವಾರಂಟು ಇರಲಿಲ್ಲ. ಬೇಕಿದ್ದರೆ ಗಂಡನ ಜತೆ ಬರಬಹುದು ಎಂದರು. 73ರ ವಯಸ್ಸು, ಎದೆಯ ಕಾಯಿಲೆ. ಹೋಗಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಅವರು ಹಿಂದೆ ಉಳಿದು, ಅಂದು ಸಂಜೆ ಶಿವಾಜಿ ಪಾರ್ಕಿನಲ್ಲಿ ಗಾಂಧಿ ಮಾತಾಡಬೇಕಿದ್ದ ಸಭೆಯಲ್ಲಿ ತಾವು ಮಾತಾಡುವುದಾಗಿ ಸಾರಿದರು. ಸಭೆಗೆ ಹೊರಟವರನ್ನು ಸುಶೀಲಾ ನಯ್ಯರ್ ಜತೆಗೆ ಬಂಧಿಸಿ ಆರ್ಥರ್ ರೋಡ್ ಜೈಲಿಗೆ ಒಯ್ದರು. ಆಮೇಲೆ ಪುಣೆಯ ಆಗಾ ಖಾನ್ ಅರಮನೆಗೆ. ಬೆಳಗ್ಗೆ ಸರ್ಕಾರ ಅವರನ್ನು ಹೆಂಡತಿಯೆಂದಷ್ಟೇ ಎಣಿಸಿತ್ತು. ಸಂಜೆಗೆ ಭಾಷಣ ಮಾಡದಂತೆ ತಡೆಯಬೇಕಾದ ಮುಂದಾಳು ಎಂದು ಎಣಿಸಬೇಕಾಯಿತು. ಆ ಸೆರೆಯಲ್ಲೇ 1944ರ ಫೆಬ್ರವರಿ 22ರಂದು ತೀರಿಕೊಂಡರು.

ಅವರ ಹೆಸರಿನ ನಿಧಿಗೆ 75 ಲಕ್ಷ ರೂಪಾಯಿಯ ಗುರಿಯಿತ್ತು, ಕೂಡಿದ್ದು ಕೋಟಿಗೂ ಮೀರಿ. ಹಳ್ಳಿಯ ಹೆಂಗಸರು ಮಕ್ಕಳಿಗೇ ಅದು ಸಲ್ಲಬೇಕೆಂದು ಗಾಂಧಿ ಹೇಳಿದರು. ನಮ್ಮಲ್ಲಿ ಅರಸೀಕೆರೆಯಲ್ಲಿ ಆ ಟ್ರಸ್ಟಿನ ಶಾಖೆ ನೆಲೆಯೂರಿತು. ಅದೇ ಟ್ರಸ್ಟಿನ ಇಂದೋರಿನ ನೆಲೆಯಲ್ಲಿ ಉಳಿದುಬಂದ ಅವರ 1933ರ ದಿನಚರಿ 2022ರಲ್ಲಷ್ಟೇ ಅಚ್ಚಾಯಿತು. ಅಕ್ಷರ ಬಾರದವರೆಂದು ನಾವು ತಲೆಮಾರುಗಟ್ಟಲೆ ಹೇಳಿಕೊಂಡು ಬಂದ ಹೆಂಗಸು ಬಿಟ್ಟುಹೋದ ಈ ಚುಟುಕು ಟಿಪ್ಪಣಿಗಳನ್ನು ಇನ್ನು ಮುಂದೆ ಅವರ ಚರಿತ್ರೆ ಬರೆಯುವವರು ಗಾಂಧಿಯವರ ಆತ್ಮಕಥೆಯ ಪಕ್ಕದಲ್ಲಿಟ್ಟು ಓದಬೇಕಾಗುತ್ತದೆ.