ನಾಶ ಮತ್ತು ಉಳಿಕೆ: ಇಂಗ್ಲಿಷಿನ ಕೆಲವು ವಿನಾಶವಾಚಕ ಪದಗಳ ಚರಿತ್ರೆ

ಇಂಗ್ಲಿಷಿನ ಪರ್ಯಾಯಪದಕೋಶಗಳು ಡೆಸ್ಟ್ರಾಯ್, ಅನೈಹಿಲೇಟ್, ಡೆಸಿಮೇಟ್, ಡೆವಸ್ಟೇಟ್ ಮೊದಲಾದ ಕ್ರಿಯಾಪದಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತವೆ. ಇವುಗಳ ನಡುವಣ ಅಂತರ ಕೇವಲ ತೀವ್ರತೆಯದೆಂಬ ಭಾವನೆ ಹುಟ್ಟುವುದು ಅಲ್ಲಿಂದಲೇ. ಇವುಗಳಲ್ಲಿ ಕೆಲವು ಮೂಲತಃ ರೂಪಕಗಳು: ಡೆಸ್ಟ್ರಾಯ್ ಎಂಬುದರ ಲ್ಯಾಟಿನ್ ಮೂಲಕ್ಕೆ ‘ಕಟ್ಟಿದ್ದನ್ನು ಕೆಡವು’ ಎಂದೂ ಅನೈಹಿಲೇಟ್‌ಗೆ ‘ಇಲ್ಲವಾಗಿಸು’ ಎಂದೂ ಅರ್ಥ. ಅವುಗಳ ಕಥೆ ಸರಳವಾದುದು. ಪ್ರಸ್ತುತ ಲೇಖನದಲ್ಲಿ ನಾವು ಗಮನಿಸಲಿರುವುದು ಬೇರೊಂದು ಬಗೆಯ ಪದಗಳನ್ನು. ದಂಡನೆ, ಕಂದಾಯ, ಯುದ್ಧಶಾಸನಗಳಂತಹ ಆಡಳಿತದ ಸಂದರ್ಭಗಳಲ್ಲಿ ನಿಖರವಾದ ಅರ್ಥ ಹೊಂದಿದ್ದು, ಬಳಿಕ ಸಾಮಾನ್ಯ ವಿನಾಶವಾಚಕಗಳಾದವು ಇವು. ಇವುಗಳ ಇಂದಿನ ಅರ್ಥವನ್ನು ಹಳೆಯ ದಾಖಲೆಗೂ, ಹಳೆಯ ಅರ್ಥವನ್ನು ಇಂದಿನ ಬಳಕೆಗೂ ಹೇರುವುದರಿಂದ ಸತ್ತವರ ಲೆಕ್ಕವೇ ತಪ್ಪಬಹುದು.

ಡೆಸಿಮೇಟ್ ಇವುಗಳಲ್ಲಿ ಅತ್ಯಂತ ವಿವಾದಿತ ಪದ. ಲ್ಯಾಟಿನ್ನಿನ ಡೆಕಿಮಾರೆ ರೋಮನ್ ಸೇನೆಯ ಒಂದು ಶಿಕ್ಷೆಯ ಹೆಸರು. ಕಾವಲಿನ ನೆಲೆಯನ್ನು ತೊರೆದು ಓಡಿದ ತುಕಡಿಯಿಂದ ಸುಮಾರು ಹತ್ತನೆಯ ಒಂದು ಭಾಗದಷ್ಟು ಜನರನ್ನು ಚೀಟಿ ಎತ್ತಿ ಆರಿಸಿ, ದೊಣ್ಣೆಗಳಿಂದ ಬಡಿದು ಕೊಲ್ಲಿಸುತ್ತಿದ್ದ ಬಗೆಯನ್ನು ಪಾಲಿಬಿಯಸ್ ವರ್ಣಿಸಿದ್ದಾನೆ. ಬದುಕಿ ಉಳಿದವರಿಗೆ ಗೋಧಿಯ ಬದಲು ಬಾರ್ಲಿಯ ಪಡಿ. ಅವರ ಡೇರೆಗಳು ಪಾಳೆಯದ ಕಂದಕದ ಹೊರಗೆ. ಸ್ಪಾರ್ಟಕಸ್‌ನ ದಂಗೆಯನ್ನು ಅಡಗಿಸಲು ಹೊರಟ ಕ್ರಾಸಸ್ ರೂಢಿ ತಪ್ಪಿದ್ದ ಈ ಶಿಕ್ಷೆಯನ್ನು ಮತ್ತೆ ಜಾರಿಗೆ ತಂದು, 500 ಜನರನ್ನು ಹತ್ತು ಹತ್ತರ 50 ಗುಂಪುಗಳಾಗಿ ಮಾಡಿ, ಗುಂಪಿಗೊಬ್ಬನನ್ನು ಕೊಲ್ಲಿಸಿದನೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಶಿಕ್ಷೆಯ ಗುರಿ ಸತ್ತ 50 ಜನರಲ್ಲ, ಉಳಿದ 450 ಜನರು ಎಂಬುದನ್ನು ಇಲ್ಲಿ ಗಮನಿಸಬೇಕು. ತುಕಡಿಯನ್ನು ಇಲ್ಲವಾಗಿಸುವುದು ಸೇನಾಪತಿಯ ಉದ್ದೇಶವಲ್ಲ. ಅದನ್ನು ಮತ್ತೆ ಕಾಳಗಕ್ಕೆ ಒದಗುವಂತೆ ಮಾಡುವುದೇ ಉದ್ದೇಶ.

ಇಂಗ್ಲಿಷಿನಲ್ಲಿ ಈ ಧಾತುವಿಗೆ ಸೇನೆಯ ಅರ್ಥದ ಜೊತೆಗೆ ದಶಾಂಶ ತೆರಿಗೆಯ ಅರ್ಥವೂ ಇತ್ತು. 1655ರಲ್ಲಿ ಕ್ರಾಮ್‌ವೆಲ್‌ನ ಆಡಳಿತವು ಅರಸುಪಕ್ಷದ ಆಸ್ತಿವಂತರ ಮೇಲೆ ಹತ್ತನೆಯ ಒಂದು ಭಾಗದ ತೆರಿಗೆ ಹೇರಿದಾಗ ಅದರ ಹೆಸರೇ ಡೆಸಿಮೇಷನ್ ಆಯಿತು. 1657ರ ಜನವರಿಯಲ್ಲಿ ಪಾರ್ಲಿಮೆಂಟು ಅದನ್ನು ಮುಂದುವರಿಸಲು ಒಪ್ಪಲಿಲ್ಲ. ‘ಬಹುಭಾಗವನ್ನು ನಾಶಮಾಡು’ ಎಂಬ ಸಡಿಲ ಅರ್ಥವೂ ಅದೇ ಶತಮಾನದಲ್ಲೇ ತಲೆದೋರಿದೆ. 1848ರ ಪತ್ರವೊಂದರಲ್ಲಿ ಷಾರ್ಲೆಟ್ ಬ್ರಾಂಟೆ ತಾನು ಓದಿದ ಶಾಲೆಯಲ್ಲಿ ಹಬ್ಬಿದ ವಿಷಮಜ್ವರಕ್ಕೆ ಈ ಕ್ರಿಯಾಪದವನ್ನೇ ಬಳಸಿದ್ದಾಳೆ. ಆಕ್ಷೇಪ ಬಂದುದು ತಡವಾಗಿ. ಅಮೆರಿಕದ ಅಂತರ್ಯುದ್ಧದ ವರದಿಗಾರರು ಇದನ್ನು ‘ಮಹಾಸಂಹಾರ’ದ ಅರ್ಥದಲ್ಲಿ ಬಳಸುತ್ತಾರೆಂದು ರಿಚರ್ಡ್ ಗ್ರಾಂಟ್ ವೈಟ್ 1870ರ ತನ್ನ ಪುಸ್ತಕದಲ್ಲಿ ಹಳಿದ. ಅಂದರೆ, ಸುಮಾರು ಎರಡು ಶತಮಾನ ಯಾರನ್ನೂ ಅಷ್ಟಾಗಿ ಕಾಡದಿದ್ದ ಅರ್ಥವಿಸ್ತಾರವನ್ನು ವ್ಯುತ್ಪತ್ತಿಯ ಹೆಸರಿನಲ್ಲಿ ‘ತಪ್ಪು’ ಎಂದು ಘೋಷಿಸಲಾಯಿತು.

ಈ ವ್ಯುತ್ಪತ್ತಿವಾದದ ಅಪಾಯಕ್ಕೆ 1348–49ರ ಕಪ್ಪುಮಾರಿ ನಿದರ್ಶನ. ಅದು ಇಂಗ್ಲೆಂಡಿನ ಜನಸಂಖ್ಯೆಯ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಬಲಿ ತೆಗೆದುಕೊಂಡಿತೆಂದು ಚರಿತ್ರಕಾರರ ಅಂದಾಜು. ಅದನ್ನು ವರ್ಣಿಸಲು ಡೆಸಿಮೇಟ್ ಬಳಸಿದವನ ಮಾತನ್ನು ಅಕ್ಷರಶಃ ಓದಿದರೆ ಹತ್ತರಲ್ಲಿ ಒಂಬತ್ತು ಜನ ಉಳಿದರೆಂದಾಗುತ್ತದೆ! ಮೂಲಾರ್ಥಕ್ಕೆ ಜೋತುಬಿದ್ದಷ್ಟೂ ಸಾವಿನ ಪ್ರಮಾಣ ಕುಗ್ಗುತ್ತದೆ.

ಹಾಗೆಂದು ಮೂಲಾರ್ಥದ್ದೇನೂ ಉಳಿದಿಲ್ಲವೆನ್ನುವುದೂ ಸರಿಯಲ್ಲ. ಡೆಸಿಮೇಟ್‌ನ ಕರ್ಮಪದ ಇಂದಿಗೂ ಸಾಮಾನ್ಯವಾಗಿ ಸಮೂಹವಾಚಕ: ಸೈನ್ಯ, ಜನಸಂಖ್ಯೆ, ಬೆಳೆ, ಜೇನುಗೂಡುಗಳು. ಒಂದು ಮನೆಯನ್ನೋ ಒಬ್ಬ ವ್ಯಕ್ತಿಯನ್ನೋ ಡೆಸಿಮೇಟ್ ಮಾಡಿದರೆನ್ನುವುದು ಅನೇಕ ಭಾಷಿಕರ ಕಿವಿಗೆ ಒಗ್ಗದು. ‘ಸಂಪೂರ್ಣವಾಗಿ’ ಎಂಬ ವಿಶೇಷಣ ಅದಕ್ಕೆ ಸೇರಿದಾಗಲೂ ಎಚ್ಚರದ ಸಂಪಾದಕರು ಗುರುತು ಹಾಕುತ್ತಾರೆ. ಅನೈಹಿಲೇಟ್‌ಗೆ ಅಂತಹ ನಿರ್ಬಂಧವಿಲ್ಲ. ಹತ್ತು ಎಂಬ ಸಂಖ್ಯೆ ಕಳಚಿಬಿದ್ದರೂ, ‘ಸಮೂಹವೊಂದರಿಂದ ಒಂದು ಭಾಗ ಹೋಗಿ ಇನ್ನೊಂದು ಭಾಗ ಉಳಿಯಿತು’ ಎಂಬ ರಚನೆ ನಿಂತಿದೆ. ಕನ್ನಡದಲ್ಲಿ ಇದನ್ನು ‘ನಿರ್ನಾಮ’ ಎಂದು ಅನುವಾದಿಸಿದಾಗ ಕೈಬಿಟ್ಟು ಹೋಗುವುದು ಈ ಉಳಿಕೆಯೇ. ಹೆಸರೂ ಉಳಿಯದ್ದು ನಿರ್ನಾಮ.

ವೇಸ್ಟ್ ಎಂಬ ಪದದ ಸಮಸ್ಯೆ ಇದಕ್ಕೆ ವಿರುದ್ಧವಾದುದು. ವಿಲಿಯಂ ದೊರೆ 1069–70ರ ಚಳಿಗಾಲದಲ್ಲಿ ಉತ್ತರ ಇಂಗ್ಲೆಂಡನ್ನು ಸುಟ್ಟು ಸೂರೆಗೊಂಡ. ಅನಂತರ 1086ರಲ್ಲಿ ಸಿದ್ಧವಾದ ಡೂಮ್ಸ್‌ಡೇ ದಾಖಲೆಯಲ್ಲಿ ಯಾರ್ಕ್‌ಷೈರಿನ ಊರೂರಿನ ಹೆಸರಿನ ಮುಂದೆ ವಾಸ್ಟಾ ಎಂಬ ಪದ ಬಂದಿದೆ. ಅಂತಹ ಪ್ರತಿಯೊಂದು ನಮೂದನ್ನೂ ಸುಟ್ಟ ಊರಿನ ಗುರುತೆಂದು ಬಹುಕಾಲ ಓದಲಾಯಿತು. ಕಂದಾಯ ಬಾರದ, ಉಳುಮೆಯಿಲ್ಲದ, ಇಲ್ಲವೇ ವಿವರವೇ ಸಿಗದ ನೆಲಕ್ಕೂ ಗುಮಾಸ್ತರು ಅದೇ ಪದವನ್ನು ಬರೆದಿರಬಹುದೆಂದು ಈಚಿನ ವಿದ್ವಾಂಸರು ವಾದಿಸಿದ್ದಾರೆ. ಲ್ಯಾಟಿನ್ನಿನ ವಾಸ್ಟಸ್‌ಗೆ ‘ಬರಿದಾದ, ನಿರ್ಜನ’ ಎಂಬರ್ಥವೂ ಇರುವುದನ್ನು ನೆನೆದರೆ ಈ ವಾದ ಅಸಂಗತವೆನಿಸದು. ಕನ್ನಡದ ಓದುಗರಿಗಂತೂ ಇದು ಪರಿಚಿತವೇ: ಹಳಗನ್ನಡದ ‘ಪಾೞ್’ ಇಂದಿನ ‘ಹಾಳು’, ಪಾಳುಬಿದ್ದ ಹೊಲವನ್ನು ಯಾರೋ ಹಾಳುಮಾಡಿರಲೇಬೇಕೆಂದಿಲ್ಲ. ಹಾಗೆಂದು ವಿಲಿಯಂನ ದಂಡಯಾತ್ರೆಯ ಕ್ರೌರ್ಯವನ್ನು ಈ ಪದವಿಚಾರ ಅಳಿಸಲಾರದು. ಅದಕ್ಕೆ ವೃತ್ತಾಂತಕಾರರ ಸಾಕ್ಷ್ಯ ಬೇರೆಯೇ ಇದೆ. ನಮ್ಮ ಆಕ್ಷೇಪವಿರುವುದು ನಮೂದುಗಳನ್ನು ಎಣಿಸಿ ಸತ್ತ ಊರುಗಳ ಪಟ್ಟಿ ಮಾಡುವ ಕ್ರಮಕ್ಕೆ.

ಹ್ಯಾವಕ್ ಕುರಿತು ಒಂದೆರಡು ಮಾತು ಸಾಕು. ಅದು ಸೈನಿಕರಿಗೆ ಲೂಟಿಯ ಅನುಮತಿ ಕೊಡುವ ಕೂಗು. ಎರಡನೆಯ ರಿಚರ್ಡ್ 1385ರಲ್ಲಿ ಹೊರಡಿಸಿದ ಯುದ್ಧಶಾಸನವು ಹಾಗೆ ಕೂಗಿದವನ ತಲೆ ತೆಗೆಯಬೇಕೆಂದು ವಿಧಿಸಿತ್ತು. ಮರಣದಂಡನೆಗೆ ಗುರಿಯಾಗಿದ್ದ ಆ ಕೂಗು ಇಂದು ಹವಾಮಾನ ವರದಿಯ ಸವಕಲು ನುಡಿಗಟ್ಟು.

ಹೊಸ ಪದವನ್ನೇ ಕಟ್ಟಬೇಕಾಗಿ ಬಂದ ಸಂದರ್ಭ ಇಪ್ಪತ್ತನೆಯ ಶತಮಾನದ್ದು. ರಾಫೆಲ್ ಲೆಮ್‌ಕಿನ್ ಗ್ರೀಕಿನ ಗೆನೊಸ್‌ಗೆ ಲ್ಯಾಟಿನ್ ಮೂಲದ ಸೈಡ್ ಸೇರಿಸಿ ರಚಿಸಿದ ಜೆನೊಸೈಡ್ 1944ರಲ್ಲಿ ಅಚ್ಚಾಯಿತು. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಒಪ್ಪಂದವು ಸಮೂಹವನ್ನು ಪೂರ್ಣವಾಗಿಯಾಗಲಿ ಭಾಗಶಃವಾಗಲಿ ನಾಶಮಾಡುವ ಉದ್ದೇಶವನ್ನೇ ಅಪರಾಧದ ತಿರುಳೆಂದು ಹಿಡಿಯಿತು. ಡೆಸಿಮೇಟ್‌ನಲ್ಲಿ ನಾವು ಕಂಡ ಸಮೂಹ-ಭಾಗಗಳ ರಚನೆ ಇಲ್ಲಿಯೂ ಇದೆ. ಆದರೆ ಸಂಖ್ಯೆಯ ಜಾಗದಲ್ಲಿ ಉದ್ದೇಶ ಬಂದು ಕೂತಿದೆ. ಹೋಲೊಕಾಸ್ಟ್‌ನ ಹಾದಿ ಹೀಗಲ್ಲ. ‘ಪೂರ್ಣವಾಗಿ ಸುಟ್ಟ ಆಹುತಿ’ ಎಂಬ ಗ್ರೀಕ್ ಅರ್ಥದ ಆ ಪದ ಕೊಲೆಗೆ ಯಜ್ಞದ ಪಾವಿತ್ರ್ಯವನ್ನು ಹೊದಿಸುತ್ತದೆಂದು ಅನೇಕರು ಅದನ್ನು ಬಿಟ್ಟು ಹೀಬ್ರೂವಿನ ಷೋಆ ಪದವನ್ನು ಆಯ್ದುಕೊಂಡಿದ್ದಾರೆ. ಕನ್ನಡದ ಪತ್ರಿಕೆಗಳು ಸಾಮೂಹಿಕ ಹತ್ಯೆಗೆ ಬಳಸುವ ‘ನರಮೇಧ’ವೂ ಯಜ್ಞದ ಹೆಸರೇ. ಅದು ಇಂದು ಸವೆದು ಯಜ್ಞದ ನೆನಪನ್ನು ಕಳೆದುಕೊಂಡಿದೆಯೆಂದು ವಾದಿಸಬಹುದು. ಡೆಸಿಮೇಟ್‌ನ ವಿಷಯದಲ್ಲಿ ನಾವೂ ಸಂಖ್ಯೆಯ ಬಗ್ಗೆ ಅಂತಹ ವಾದವನ್ನೇ ಮಾಡಿದ್ದೇವೆ. ಆದರೆ ಹತ್ತು ಎಂಬುದು ಇಂಗ್ಲಿಷ್ ಭಾಷಿಕರಿಗೆ ಡೆಸಿಮೇಟ್‌ನಲ್ಲಿ ಕಿವಿಗೆ ಬೀಳದು, ‘ಮೇಧ’ವು ಅಶ್ವಮೇಧದ ಜೊತೆಯಲ್ಲಿ ಕನ್ನಡಿಗರಿಗೆ ಇನ್ನೂ ಕೇಳಿಸುತ್ತದೆ. ಆದುದರಿಂದ ಒಪ್ಪಂದದ ಅರ್ಥದಲ್ಲಿ ‘ಜನಾಂಗಹತ್ಯೆ’ಯೇ ಯುಕ್ತವೆಂದು ನಮ್ಮ ಅಭಿಪ್ರಾಯ.