ಎಡಗೈಯವನ ಜಾಗ

ದಸರೆ ಹತ್ತಿರ ಬಂದು ಮಳೆ ಹಿಂದಾಯಿತೆಂದರೆ ಕೆಲಗೇರಿಯ ಕೆರೆ ನೋಡಲು ಧಾರವಾಡದವರು ಸಂಜೆ ಹೊತ್ತು ಏರಿಯ ಮೇಲೆ ಸೇರುತ್ತಾರೆ. ನಾವು ಬಯಲಿನ ಹುಲ್ಲು ಕೊಯ್ದು, ನಾರಿನ ಮ್ಯಾಟ್ ಹಾಸಿ ಮೊಳೆ ಹೊಡೆಯುತ್ತೇವೆ. ರಣಜಿ ಸೀಸನ್ನಿಗೆ ಕರ್ನಾಟಕ ತಂಡ ಆರಿಸುವ ಕಾಲವೂ ಅದೇ. ಮ್ಯಾಟಿನ ಇನ್ನೊಂದು ತುದಿ ಜಗ್ಗಿ ಹಿಡಿದ ಹುಡುಗ ಈ ಸಲವೂ ಕೇಳಿದ: "ಅಜ್ಜಾರ, ನಮ್ಮ ಟೀಮಿಗೆ ಈ ವರ್ಷ ಲೆಫ್ಟ್ ಆರ್ಮ್ ಸ್ಪಿನ್ನರ್ ಯಾರ್ ಬೇಕ್ರಿ?" ಅವನೂ ಎಡಗೈಯವನು, ನಾನೂ ಎಡಗೈಯವನು. ಹೆಸರು ಹೇಳಬೇಕೆಂದರೆ ನನಗೆ ಆ ಜಾಗದ ಪೂರ್ತಿ ಕತೆ ನೆನಪಾಗುತ್ತದೆ.

ಕತೆ ಶುರುವಾಗುವುದೇ ಪೆಟ್ಟಿನಿಂದ. 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕಿನಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆಯಿತು. ಮೈಸೂರು ತಂಡ ಒಮ್ಮೆ 48ಕ್ಕೆ, ಇನ್ನೊಮ್ಮೆ 59ಕ್ಕೆ ಉರುಳಿತು. ಪಂದ್ಯ ಒಂದೇ ದಿನದಲ್ಲಿ ಮುಗಿಯಿತು. ಉರುಳಿಸಿದವರು ಮದ್ರಾಸಿನ ಎ.ಜಿ. ರಾಮ್ ಸಿಂಗ್. ಎಡಗೈ ಸ್ಪಿನ್ನರ್, ಆ ದಿನ ಅವರಿಗೆ 11 ವಿಕೆಟ್. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಮೈಸೂರಿನ ಸೋಲು ನಮ್ಮೂರಿನ ಸೋಲಾಗಿರಲಿಲ್ಲ. 1956ರ ಏಕೀಕರಣದ ಮೇಲೆ ಅದೂ ನಮ್ಮದಾಯಿತು.

1974ರಲ್ಲಿ, ಮುಂಬೈಯವರು ಸತತ ಹದಿನೈದು ವರ್ಷ ಗೆದ್ದ ಟ್ರೋಫಿಯನ್ನು ಕರ್ನಾಟಕ ಕಿತ್ತುಕೊಂಡಾಗ ಊರೆಲ್ಲ ಪ್ರಸನ್ನ, ಚಂದ್ರಶೇಖರ್ ಎನ್ನುತ್ತಿತ್ತು. ಇಬ್ಬರೂ ಬಲಗೈಯವರು. ನನ್ನ ಕಿವಿ ರೇಡಿಯೋದಲ್ಲಿ ಹುಡುಕುತ್ತಿದ್ದದ್ದು ವಿಜಯಕೃಷ್ಣ ಅವರ ಹೆಸರನ್ನು. ಎಡಗೈಯಿಂದಲೇ ಸ್ಪಿನ್, ಎಡಗೈಯಿಂದಲೇ ಬ್ಯಾಟು. ಅಂಥ ಇಬ್ಬರು ದೊಡ್ಡವರ ನಡುವೆ ಅವರಿಗೆ ಸಿಗುತ್ತಿದ್ದ ಓವರ್‌ಗಳನ್ನು ನೆನೆದರೆ ಈಗಲೂ ನನಗೆ ಸಂಕಟ. ಬೇರೆ ರಾಜ್ಯದಲ್ಲಿ ಹುಟ್ಟಿದ್ದರೆ ಮೊದಲ ಚೆಂಡಿನಿಂದ ಅವರ ಕೈಗೇ ಕೊಡುತ್ತಿದ್ದರು.

ಆಮೇಲೆ ಪುತ್ತೂರಿನ ರಘುರಾಮ ಭಟ್. ಎಡಗೈ ಸ್ಪಿನ್ನಿನ ಹೂರಣವೆಲ್ಲ 1981–82ರ ಸೆಮಿಫೈನಲ್ಲಿನಲ್ಲಿ ಬೆಂಗಳೂರಿನ ಪಿಚ್ಚಿನ ಮೇಲೆ ಬಿಚ್ಚಿಕೊಂಡಿತು. ಮೊದಲ ಸರದಿಯಲ್ಲೇ ಮುಂಬೈನ 8 ವಿಕೆಟ್, ಅದರಲ್ಲಿ ಒಂದು ಹ್ಯಾಟ್ರಿಕ್. ನಮ್ಮ ಕೈಯ ಚೆಂಡು ಬಲಗೈ ಬ್ಯಾಟ್ಸ್‌ಮನ್ನನ ಕಾಲ ಕಡೆ ಬಿದ್ದು, ಅವನಿಂದ ದೂರಕ್ಕೆ, ಸ್ಲಿಪ್ಪಿನ ಕಡೆಗೆ ಹೊರಳುತ್ತದೆ. ಬಿರುಕು ಬಿಟ್ಟ ನೆಲದಲ್ಲಿ ಅದರ ಬೆನ್ನು ಹತ್ತಿದ ಬ್ಯಾಟು ಉಳಿಯುವುದು ಕಷ್ಟ. ಎರಡನೇ ಸರದಿಯಲ್ಲಿ ಗಾವಸ್ಕರ್ ಏನು ಮಾಡಿದರು? ಭಟ್ಟರ ಎದುರು ಎಡಗೈಯವರಾಗಿ ನಿಂತರು! ಹಾಗೆ ನಿಂತರೆ ಅದೇ ಚೆಂಡು ಒಳಗೆ ಬರುತ್ತದೆ, ಪ್ಯಾಡಿನಿಂದ ತಡೆಯಬಹುದು. ಬೇರೆ ಬೌಲರ್ ಬಂದಾಗ ಮತ್ತೆ ಬಲಗೈ. ಕೊನೆಯವರೆಗೂ ಔಟಾಗಲಿಲ್ಲ. ಇದನ್ನು ಜನ ಗಾವಸ್ಕರರ ಜಾಣತನವೆಂದು ಹೇಳುತ್ತಾರೆ. ನಾನು ಇದನ್ನು ಭಟ್ಟರಿಗೆ ಸಿಕ್ಕ ಅತಿ ದೊಡ್ಡ ಬಿರುದೆಂದು ತಿಳಿದಿದ್ದೇನೆ: ಜಗತ್ತಿನ ಶ್ರೇಷ್ಠ ಆರಂಭಿಕ ಆಟಗಾರ ಒಬ್ಬ ಬೌಲರಿಗಾಗಿ ತನ್ನ ಕೈಯನ್ನೇ ಬದಲಿಸಿದ. ಆ ವರ್ಷದ ಫೈನಲ್ಲಿನಲ್ಲಿ ನಾವು 705 ಹೊಡೆದೂ ದಿಲ್ಲಿಯವರು 707 ಮಾಡಿ ಟ್ರೋಫಿ ಒಯ್ದರು. 1983ರಲ್ಲಿ ಭಟ್ಟರಿಗೆ ಎರಡು ಟೆಸ್ಟ್ ಸಿಕ್ಕವು. ಎರಡೇ.

ನಮ್ಮ ಕಡೆಯ ಪಾಲು ಬಂದದ್ದು ಗದಗಿನ ಸುನೀಲ ಜೋಶಿಯವರಿಂದ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ನಸುಕಿನಲ್ಲಿ ಹೊರಟು, ಹುಬ್ಬಳ್ಳಿಯಲ್ಲಿ ಪ್ರಾಕ್ಟೀಸ್ ಮುಗಿಸಿ, ಶಾಲೆಯ ಗಂಟೆ ಹೊಡೆಯುವುದರೊಳಗೆ ತಿರುಗಿ ಗದಗ ಮುಟ್ಟಿ ಕಲಿತ ಹುಡುಗ ಅವರು. 1995–96ರ ರಣಜಿಯಲ್ಲಿ 529 ರನ್ನು, 52 ವಿಕೆಟ್, ಕರ್ನಾಟಕಕ್ಕೆ ಟ್ರೋಫಿ. ಮರು ಬೇಸಿಗೆಗೆ ಇಂಗ್ಲೆಂಡಿನಲ್ಲಿ ಟೆಸ್ಟ್. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಈ ಅಂಕಿ ಧಾರವಾಡದ ಚಹಾದಂಗಡಿಗಳಲ್ಲಿ ಮಗ್ಗಿಯ ಹಾಗೆ ಎಲ್ಲರ ಬಾಯಲ್ಲಿತ್ತು. ಮರುವರ್ಷ ಬಾಂಗ್ಲಾದೇಶದ ಮೊದಲ ಟೆಸ್ಟಿನಲ್ಲಿ, ಢಾಕಾದಲ್ಲಿ, ಐದು ವಿಕೆಟ್ ಹಿಡಿದ ಮೇಲೆ ಬ್ಯಾಟಿನಿಂದ 92. ಭಾರತಕ್ಕೆ ಅವರು ಆಡಿದ್ದು 15 ಟೆಸ್ಟ್. 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆರಿಸಿಕೊಳ್ಳಲಿ ಎಂದು ನಸುಕಿನಲ್ಲಿ ಊರು ಬಿಟ್ಟವರು ಆರಿಸುವ ಕುರ್ಚಿಯಲ್ಲಿ ಕೂತ ದಿನ ನಾನು ಮನೆಯಲ್ಲಿ ಹೋಳಿಗೆ ಮಾಡಿಸಿದ್ದೆ.

ಜೋಶಿಯವರ ತರುವಾಯ ಆ ಜಾಗ ಯಾರದೂ ಆಗಿ ಉಳಿದಿಲ್ಲ. ಅಪ್ಪಣ್ಣ ಬಂದರು, ಮೈಸೂರಿನ ಸುಚಿತ್ ಬಂದರು. 2013–14, 2014–15ರಲ್ಲಿ ಮೇಲಿಂದ ಮೇಲೆ ಟ್ರೋಫಿ ಗೆದ್ದಾಗ ಭಾರ ಹೊತ್ತವರು ವಿನಯ್ ಕುಮಾರ್, ಮಿಥುನ್, ಅರವಿಂದ್. ಮೂವರೂ ವೇಗದವರು, ಜತೆಗೆ ಶ್ರೇಯಸ್ ಗೋಪಾಲರ ಲೆಗ್ ಸ್ಪಿನ್. ಗೆದ್ದ ತಂಡದ ಲೆಕ್ಕವನ್ನು ಯಾರೂ ಬದಲಿಸುವುದಿಲ್ಲ, ಎಡಗೈ ಸ್ಪಿನ್ನರ್ ಹನ್ನೆರಡನೆಯವನಾಗಿ ನೀರು ಒಯ್ಯುವವನಾದ. ಪಿಚ್ಚಿನಲ್ಲಿ ಹುಲ್ಲು ಇರುವವರೆಗೆ ಅದು ಸರಿ. ನಾಲ್ಕನೇ ದಿನ ನೆಲ ಒಡೆದಾಗ, ಒಂದು ತುದಿಯಿಂದ ಇಪ್ಪತ್ತು ಓವರ್ ಬಿಡದೆ ಹಾಕುವ ಕೈ ಇಲ್ಲದಿದ್ದರೆ ಗೆಲ್ಲಬೇಕಾದ ಪಂದ್ಯ ಡ್ರಾ ಆಗುತ್ತದೆ.

ಆದ್ದರಿಂದ ಹುಡುಗನಿಗೆ ನನ್ನ ಉತ್ತರ ಇದು. ಈ ಜಾಗವನ್ನು ಹೆಚ್ಚು ಕಾಲ ಹಿಡಿದವರಲ್ಲಿ ವಿಜಯಕೃಷ್ಣ, ಜೋಶಿ ಇಬ್ಬರೂ ಬ್ಯಾಟು ಬಲ್ಲವರು. ಬರೀ ಬೌಲರ್ ಆಗಿದ್ದ ಭಟ್ಟರಷ್ಟು ಚೆಂಡು ತಿರುಗಿಸುವವನು ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಬೇಕು. ಸಿಗದಿದ್ದರೆ ಏಳನೆಯವನಾಗಿ ನಿಂತು ಅರ್ಧ ಶತಕ ಹೊಡೆಯುವವನೇ ಬೇಕು. ಅವನನ್ನು ಬೆಂಗಳೂರಿನ ನೆಟ್ಸಿನಲ್ಲಷ್ಟೇ ಹುಡುಕಬಾರದು. ನಾರಿನ ಮ್ಯಾಟಿನ ಮೇಲೆ ಚೆಂಡು ಪುಟಿದು ಕಚ್ಚುತ್ತದೆ, ಅಲ್ಲಿ ಬೆಳೆದ ಬೆರಳಿಗೆ ಮಣ್ಣಿನ ಪಿಚ್ಚಿನಲ್ಲಿ ಚೆಂಡನ್ನು ತಾನೇ ತಿರುಗಿಸಬೇಕೆಂಬುದನ್ನು ಬೇರೆ ಕಲಿಸಬೇಕು. ಒಂದು ವರ್ಷ ತಾಳ್ಮೆ ಬೇಕು. ಆ ಒಂದು ವರ್ಷ ಕೊಡುವ ಆಯ್ಕೆದಾರರು ಬೇಕು.

ಹುಡುಗ ಎಲ್ಲ ಕೇಳಿ, "ಹಂಗಾರ ಬ್ಯಾಟಿಂಗೂ ಕಲೀಬೇಕನ್ರಿ?" ಅಂದ. ಕಲೀಬೇಕು ಅಂದೆ. ವಾರಕ್ಕೆ ಮೂರು ದಿನ ಅವನು ಬೆಳಗಿನ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯ ನೆಟ್ಸಿಗೆ ಹೋಗುತ್ತಾನೆ, ಹತ್ತಕ್ಕೆ ಧಾರವಾಡದಲ್ಲಿ ಶಾಲೆ. ಉಳಿದ ದಿನ ನಾನು ಮ್ಯಾಟಿನ ಇನ್ನೊಂದು ತುದಿಯಿಂದ ಅವನಿಗೆ ಚೆಂಡು ಎಸೆಯುತ್ತೇನೆ, ಎಡಗೈಯಿಂದಲೇ.