ಪರೀಕ್ಷೆಗೆ ಕೂತವರು, ಕೂರದವರು

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಹಳಬರನ್ನು ಅವರ ಓದಿನ ಬಗ್ಗೆ ಕೇಳಿ ನೋಡಿ. ಇಷ್ಟು ವರ್ಷ ಓದಿದೆ ಎಂದು ಹೇಳುವವರು ಕಡಿಮೆ. "ಎಲ್.ಎಸ್. ಪಾಸು", "ಮಿಡ್ಲ್‌ಸ್ಕೂಲ್ ಪಾಸು", "ಏಳನೇ ಕ್ಲಾಸ್ ಪಬ್ಲಿಕ್ ಪಾಸು" ಎನ್ನುತ್ತಾರೆ. ಓದು ಅಂದರೆ ಅವರಿಗೆ ಪಾಸು. ಅದೇ ಮನೆಯ ಹಿತ್ತಿಲಿಗೆ ಹೋಗಿ ಹೆಂಗಸರನ್ನು ಕೇಳಿದರೆ ಉತ್ತರ ಬೇರೆ. "ಪರೀಕ್ಷೆ ಬರೀಬೇಕಿತ್ತು ಕಣಮ್ಮ, ಅಷ್ಟರಲ್ಲಿ ಬಿಡಿಸಿಬಿಟ್ಟರು." ಈ 'ಅಷ್ಟರಲ್ಲಿ' ಎಂಬ ಒಂದು ಮಾತಿನಲ್ಲಿ ನಮ್ಮ ಸೀಮೆಯ ಹೆಣ್ಣುಮಕ್ಕಳ ಓದಿನ ಚರಿತ್ರೆ ಅಡಗಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಮ್ಮ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಜಿಲ್ಲೆಯ ಕಚೇರಿಗಳು 1865ರಲ್ಲೇ ಚಿಕ್ಕಮಗಳೂರಿಗೆ ಹೋದರೂ ಹೆಸರು ಮಾತ್ರ ಕಡೂರಿನದೇ ಉಳಿಯಿತು. 1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದವರೆಗೆ ರೈಲು ಬಂತು. ಕಡೂರು, ಬೀರೂರು, ಅಜ್ಜಂಪುರ ಆ ದಾರಿಗೆ ಸಿಕ್ಕವು. ಹತ್ತು ವರ್ಷದ ಮೇಲೆ ಬೀರೂರಿನಿಂದ ಶಿವಮೊಗ್ಗಕ್ಕೆ ಇನ್ನೊಂದು ದಾರಿ ಹೊರಟು ತರೀಕೆರೆಗೂ ರೈಲು ಬಂತು. ಕಡೂರಿನದು ಬಯಲು, ರಾಗಿ ತೆಂಗುಗಳ ಸೀಮೆ. ಅಜ್ಜಂಪುರದ್ದು ಈರುಳ್ಳಿ ಬೆಳೆಯುವ ನೆಲ. ತರೀಕೆರೆಗೆ ಬರುವಾಗ ಅಡಿಕೆ ತೋಟಗಳ ನೆರಳು ಶುರುವಾಗುತ್ತದೆ. ರೈಲು, ಕಚೇರಿ, ಮಂಡಿಗಳಿದ್ದ ಇಂಥ ಊರುಗಳಲ್ಲಿ ಲೆಕ್ಕ ಬರೆಯಬಲ್ಲ, ಅರ್ಜಿ ಓದಬಲ್ಲ ಹುಡುಗರಿಗೆ ಬೆಲೆಯಿತ್ತು.

ಆ ಬೆಲೆಯನ್ನು ಕಟ್ಟುತ್ತಿದ್ದದ್ದು ಮಾಧ್ಯಮಿಕ ಶಾಲೆಯ ಕೊನೆಯ ಪರೀಕ್ಷೆ. ಹಳೆಯ ಮೈಸೂರಿನಲ್ಲಿ ಅದು ಲೋಯರ್ ಸೆಕೆಂಡರಿ, ಜನರ ಬಾಯಲ್ಲಿ ಎಲ್.ಎಸ್. ಉತ್ತರ ಕರ್ನಾಟಕದಲ್ಲಿ ಅದರ ಸರಿಸಾಟಿ ಮುಲ್ಕಿ ಪರೀಕ್ಷೆ. ಅದನ್ನು ಪಾಸು ಮಾಡಿದ ಹುಡುಗ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಬಹುದಿತ್ತು, ಕಚೇರಿಯಲ್ಲಿ ಸಣ್ಣ ಗುಮಾಸ್ತೆಯಾಗಬಹುದಿತ್ತು. ಅದಕ್ಕೇ ಗಂಡು ಹುಡುಗ ಒಂದು ಸಲ ನಪಾಸಾದರೆ ಇನ್ನೊಂದು ಸಲ ಕಟ್ಟಿಸುತ್ತಿದ್ದರು.

ಹುಡುಗಿಯರ ಕಥೆ ಇದಕ್ಕೆ ಸಮಾನಾಂತರವಾಗಿ ಬೇರೆಯದೇ ದಾರಿಯಲ್ಲಿ ನಡೆಯಿತು. ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ 1881ರಲ್ಲೇ ಶುರುವಾಯಿತು. 1894ರಲ್ಲಿ ಮೈಸೂರು ಸರ್ಕಾರ ಬಾಲ್ಯವಿವಾಹ ತಡೆಯುವ ಕಾಯಿದೆಯನ್ನೂ ತಂದಿತು. ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ. ಆದರೆ ಅದು ತಡೆದದ್ದು ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನು. ಎಂಟು ತುಂಬಿತೆಂದರೆ ಅಡ್ಡಿಯಿರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಕಡ್ಡಾಯ ಶಿಕ್ಷಣದ ಕಾಯಿದೆ ಬಂದಾಗಲೂ ಕಡ್ಡಾಯ ಎಂದದ್ದು ಗಂಡುಮಕ್ಕಳಿಗೆ. ಅಂದಮೇಲೆ ಹುಡುಗಿ ಮಾಧ್ಯಮಿಕ ಶಾಲೆ ಮುಟ್ಟುವ ವಯಸ್ಸಿಗೆ ಅವಳನ್ನು ಶಾಲೆಯಲ್ಲಿ ಹಿಡಿದಿಡುವ ಕಾನೂನು ಯಾವುದೂ ಇರಲಿಲ್ಲ, ಹೊರಗೆ ಎಳೆಯುವ ಕೈಗಳು ಮಾತ್ರ ಬೇಕಾದಷ್ಟಿದ್ದವು.

ಕಡೂರಿನಲ್ಲಿ ಹುಟ್ಟಿ ಬೆಳೆದ ನನ್ನ ಅಜ್ಜಿ ನಾಲ್ಕನೇ ಕ್ಲಾಸಿಗೆ ನಿಂತವರು. ಮುಂದೆ ಎಲ್.ಎಸ್. ಎಂಬುದೊಂದು ಇದೆ ಎಂದು ಅವರಿಗೆ ಗೊತ್ತಾದದ್ದೇ ತಮ್ಮಂದಿರು ಅದಕ್ಕೆ ಓದುವಾಗ. ಲಾಟೀನಿನ ಬತ್ತಿ ಕತ್ತರಿಸಿ, ಗಾಜು ಒರೆಸಿ ಇಡುವ ಕೆಲಸ ಇವರದು. "ಅವರು ಗಟ್ಟಿಯಾಗಿ ಓದ್ತಿದ್ದರು, ನಂಗೇ ಮೊದಲು ಬಾಯಿಪಾಠ ಆಗ್ತಿತ್ತು" ಎಂದು ನಗುತ್ತಿದ್ದರು. ಆ ನಗುವಿನಲ್ಲಿ ಸಿಟ್ಟಿತ್ತೇ ಎಂದು ಕೇಳುವ ಬುದ್ಧಿ ನಮಗೆ ಬರುವ ಹೊತ್ತಿಗೆ ಅವರಿರಲಿಲ್ಲ.

ಅಮ್ಮ ಓದಿದ್ದು ತರೀಕೆರೆಯಲ್ಲಿ, 1950ರ ದಶಕದ ಆರಂಭದಲ್ಲಿ. ಲೆಕ್ಕದಲ್ಲಿ ಕ್ಲಾಸಿಗೇ ಮುಂದು. ಮಿಡ್ಲ್‌ಸ್ಕೂಲಿನ ಪರೀಕ್ಷೆಗೆ ಎರಡು ತಿಂಗಳಿರುವಾಗ ದೊಡ್ಡವಳಾದಳು. ಮಾರನೆಯ ದಿನದಿಂದ ಶಾಲೆ ಇಲ್ಲ. ಹೆಡ್‌ಮೇಷ್ಟ್ರು ಮನೆಯ ತನಕ ಬಂದು, "ಪರೀಕ್ಷೆ ಒಂದು ಬರೆಯಲಿ ಬಿಡಿ ಯಜಮಾನರೇ" ಎಂದರಂತೆ. "ಬರೆದು ಏನಾಗಬೇಕು ಮೇಷ್ಟ್ರೇ?" ಎಂದು ತಾತ ಕಾಫಿ ಕೊಡಿಸಿ ಕಳಿಸಿದರಂತೆ. ತಾತ ಕೆಟ್ಟವರಲ್ಲ. ಆ ಪ್ರಶ್ನೆಗೆ ಆಗ ಊರಿನಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ, ಅಷ್ಟೆ. ಮದುವೆಯಾದ ಮೇಲೆ ಅಡಿಕೆ ಮಂಡಿಯಿಂದ ಬಂದ ಪಟ್ಟಿಯನ್ನು ಅಮ್ಮ ಒಂದು ಸಲ ಕಣ್ಣಾಡಿಸಿ, ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಸರ್ಕಾರದ ಲೆಕ್ಕದಲ್ಲಿ ಮಾತ್ರ ಅವಳು ಪಾಸೂ ಅಲ್ಲ, ಫೇಲೂ ಅಲ್ಲ. ಆ ವರ್ಷ ಶಾಲೆಯ ಫಲಿತಾಂಶವನ್ನು ಯಾರಾದರೂ ಬರೆದಿಟ್ಟಿದ್ದರೆ ಅದರಲ್ಲಿ ಅಮ್ಮನ ಸುಳಿವೇ ಇರುವುದಿಲ್ಲ.

1956ರಲ್ಲಿ ರಾಜ್ಯ ಒಂದಾಯಿತು. ಬೇರೆ ಬೇರೆ ಪ್ರಾಂತ್ಯಗಳ ಶಾಲಾ ಪದ್ಧತಿಗಳನ್ನು ಒಂದು ಅಚ್ಚಿಗೆ ತಂದಾಗ ಪ್ರಾಥಮಿಕ ಶಾಲೆ ಏಳು ವರ್ಷದ್ದಾಯಿತು, ಅದರ ಕೊನೆಗೆ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ನಿಂತಿತು. ನಾನು ಅದನ್ನು ಬರೆದದ್ದು 1975ರಲ್ಲಿ, ಅಜ್ಜಂಪುರದಲ್ಲಿ. ಜೂನ್ ತಿಂಗಳಿನಲ್ಲಿ ನಾವು ಏಳು ಹುಡುಗಿಯರಿದ್ದೆವು. ಈರುಳ್ಳಿ ಕೀಳುವ ಕಾಲಕ್ಕೆ ಹೊಲಕ್ಕೆ ಹೋದ ಇಬ್ಬರು ಮತ್ತೆ ಬರಲಿಲ್ಲ. ಇನ್ನೊಬ್ಬಳಿಗೆ ಮದುವೆ ಗೊತ್ತಾಯಿತು. ಪರೀಕ್ಷೆಯ ದಿನ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಂಬರು ಹುಡುಕಿ ಕೂತವರು ನಾಲ್ವರು. ನಾಲ್ವರೂ ಪಾಸಾದೆವು. "ಹುಡುಗಿಯರು ನೂರಕ್ಕೆ ನೂರು" ಎಂದು ಮೇಷ್ಟ್ರು ಹೆಮ್ಮೆಯಿಂದ ಹೇಳಿದರು.

ಆದರೂ ಆ ಪರೀಕ್ಷೆಗೆ ನನ್ನ ಋಣವಿದೆ, ಅದನ್ನು ಮುಚ್ಚಿಡಲಾರೆ. ನಮ್ಮ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದವರು ಬೇರೆ ಊರಿನ ಮೇಷ್ಟ್ರುಗಳು. ನಾನು ಯಾರ ಮಗಳು, ಯಾವ ಬೀದಿಯವಳು ಎಂಬುದು ಅವರಿಗೆ ತಿಳಿಯದು. ಅಂಥವರು ಕೊಟ್ಟ ಅಂಕಪಟ್ಟಿಯನ್ನು ತಾತನ ಮುಂದೆ ಹಿಡಿದಾಗ ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಅಮ್ಮ ಬಾಗಿಲ ಹಿಂದಿನಿಂದ, "ಹೈಸ್ಕೂಲಿಗೆ ಕಳಿಸೋಣ ಅಪ್ಪಯ್ಯ" ಎಂದಳು. ತಾತ ಈ ಸಲ "ಓದಿ ಏನಾಗಬೇಕು" ಎನ್ನಲಿಲ್ಲ. ಮನೆಯವರ ಹೊಗಳಿಕೆಗೆ ಇರದ ತೂಕ ಹೊರಗಿನವರ ಅಂಕಕ್ಕೆ ಇತ್ತು. ಹುಡುಗಿಯ ಪರವಾಗಿ ಸಾಕ್ಷಿ ಹೇಳಲು ಒಂದು ಕಾಗದವಾದರೂ ಇತ್ತು.

ಮುಂದೆ ನಾನೇ ಮೇಡಮ್ ಆದೆ. 1978ರಲ್ಲಿ ಹೆಣ್ಣಿನ ಮದುವೆಯ ವಯಸ್ಸು ಕಾನೂನಿನಲ್ಲಿ ಹದಿನೆಂಟಕ್ಕೆ ಏರಿತ್ತು. ಆದರೂ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ 'ಶಾಲೆ ಬಿಟ್ಟ ಕಾರಣ' ಎಂಬ ಅಂಕಣದಲ್ಲಿ ಹುಡುಗಿಯರ ಹೆಸರಿನ ಎದುರು 'ಮದುವೆ', 'ಮನೆಗೆಲಸ', 'ತಮ್ಮನನ್ನು ನೋಡಿಕೊಳ್ಳಲು' ಎಂದು ಬರೆಯುವ ಸಂದರ್ಭ ತಪ್ಪಲಿಲ್ಲ. ಒಂದು ಶಾಲೆಯಲ್ಲಿ ನಾನು ಇನ್ನೊಂದು ಸಂಗತಿ ಕಂಡೆ. ಫಲಿತಾಂಶ ಕಡಿಮೆಯಾದೀತೆಂದು, ಓದಿನಲ್ಲಿ ಹಿಂದಿದ್ದ ಮಕ್ಕಳ ತಂದೆತಾಯಿಯರನ್ನು ಜನವರಿಯಲ್ಲಿ ಕರೆಸಿ, "ಈ ವರ್ಷ ಬೇಡ, ಮುಂದಿನ ವರ್ಷ ಕಟ್ಟಲಿ" ಎನ್ನುವುದು. ಹುಡುಗನಾದರೆ ಮುಂದಿನ ವರ್ಷ ಬಂದರೂ ಬರುತ್ತಿದ್ದ. ಹುಡುಗಿಗೆ ಮುಂದಿನ ವರ್ಷವೆಂಬುದು ಇರುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಗೋಡೆಯ ಮೇಲೆ 'ಶೇಕಡ 100' ಎಂದು ಬಣ್ಣದಲ್ಲಿ ಬರೆಸಿದರು. ಆ ಎರಡು ಸೊನ್ನೆಗಳನ್ನು ನೋಡಿದಾಗಲೆಲ್ಲ ಮನೆಯಲ್ಲಿ ಉಳಿದ ಹುಡುಗಿಯರ ಮುಖಗಳೇ ನನಗೆ ಕಾಣುತ್ತಿದ್ದವು.

ಈ ಶತಮಾನದ ಮೊದಲ ದಶಕದಲ್ಲಿ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ನಿಂತಿತು. ಅದೇ ಸುಮಾರಿಗೆ ಅಕ್ಷರ ದಾಸೋಹದ ಬಿಸಿಯೂಟ ಬಂತು. 2006-07ರಲ್ಲಿ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ಲು ಬಂತು. ಏಳು ಮುಗಿಸಿದವಳಿಗೆ ಹೈಸ್ಕೂಲು ದೂರ ಎಂಬ ನೆಪ ಹೇಳುವುದು ಕಷ್ಟವಾಯಿತು. ಜನಗಣತಿಯ ಪ್ರಕಾರ ನಮ್ಮ ಜಿಲ್ಲೆಯಲ್ಲಿ 2001ರಲ್ಲಿ ಓದುಬರಹ ಬಲ್ಲ ಹೆಂಗಸರು ನೂರಕ್ಕೆ 64, 2011ರಲ್ಲಿ 73. ಗಂಡಸರು ಆ ಹೊತ್ತಿಗೆ 85. ಅಂತರ ಕಡಿಮೆಯಾಗಿದೆ, ಮುಗಿದಿಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆ ಎಂಟನೇ ತರಗತಿಯವರೆಗೆ ಯಾರನ್ನೂ ನಪಾಸು ಮಾಡಬೇಡಿ, ಬೋರ್ಡ್ ಪರೀಕ್ಷೆಯೂ ಬೇಡ ಎಂದಿತು. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಗೆ ಪರೀಕ್ಷೆಯ ಬಾಗಿಲನ್ನು ಮತ್ತೆ ತೆರೆಯಿತು. 2023ರ ಮಾರ್ಚಿಯಲ್ಲಿ ಕರ್ನಾಟಕದಲ್ಲಿ ಆ ಮಕ್ಕಳಿಗೆ ಬೋರ್ಡ್ ಮಟ್ಟದ ಪರೀಕ್ಷೆ ನಡೆಯಿತು, ಯಾರನ್ನೂ ನಪಾಸು ಮಾಡಬಾರದೆಂಬ ಷರತ್ತಿನ ಮೇಲೆ. 2024ರಲ್ಲಿ ಒಂಬತ್ತನೇ ತರಗತಿಯನ್ನೂ ಸೇರಿಸಿದರು. ಆಗ ಪರೀಕ್ಷೆ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಅಲೆದಾಡಿ, ಶುರುವಾಗಿ, ನಡುವೆ ನಿಂತು, ಮತ್ತೆ ನಡೆದು, ಕೊನೆಗೆ ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶಕ್ಕೇ ತಡೆ ಹಾಕಿತು. ಬರೆದ ಮಕ್ಕಳ ಪಾಡು ಯಾರಿಗೂ ಬೇಡ.

ಪರೀಕ್ಷೆ ಬೇಕೋ ಬೇಡವೋ ಎಂದು ಜನ ಜಗಳವಾಡುವಾಗ ಎರಡೂ ಪಕ್ಷದಲ್ಲಿ ನಿಜವಿದೆ ಎಂದು ನನಗನ್ನಿಸುತ್ತದೆ. ಹೊರಗಿನವರ ಕಣ್ಣಿನ ಬೆಲೆ ನನಗೆ ಗೊತ್ತು, ಅದಿಲ್ಲದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹಾಗೆಯೇ, ಪಾಸಾದವರನ್ನು ಎಣಿಸುವ ಲೆಕ್ಕ ಕೂರದವರನ್ನು ಹೇಗೆ ನುಂಗುತ್ತದೆ ಎಂಬುದೂ ಗೊತ್ತು. ಜೂನ್ ತಿಂಗಳ ಹಾಜರಿ ಪುಸ್ತಕವನ್ನು ಪಕ್ಕದಲ್ಲಿಡದೆ ಏಪ್ರಿಲ್‌ನ ಫಲಿತಾಂಶ ಓದಿದರೆ ಅದು ಅರ್ಧ ಸತ್ಯ.

ಶಾಲೆಯ ಉಸ್ತುವಾರಿ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂದು ಈಗ ಕಾಯಿದೆಯೇ ಹೇಳುತ್ತದೆ. ನಿಮ್ಮಲ್ಲಿ ಯಾರಾದರೂ ಅಂಥ ಸಮಿತಿಯಲ್ಲಿದ್ದರೆ, ಫಲಿತಾಂಶದ ಅಂಕಿ ಓದುವಾಗ ಚಪ್ಪಾಳೆಗೆ ಮೊದಲು ಎದ್ದು ನಿಂತು ಒಂದೇ ಒಂದು ಮಾತು ಕೇಳಿ: "ಜೂನ್‌ನಲ್ಲಿ ಎಷ್ಟು ಹುಡುಗಿಯರಿದ್ದರು?" ಉತ್ತರ ಹುಡುಕಲು ರಿಜಿಸ್ಟರು ತರಿಸಬೇಕಾಗುತ್ತದೆ. ತರಿಸಲಿ.